ಮಗಳಿಗೊಂದು ಪತ್ರ: ಕೊಂಡುಕುರಿ ಜೊತೆ ಅದರ ಕಾಡೂ ಫೋಟೋದಲ್ಲಿರಲಿ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಫೋಟೋ ಎಲ್ಲ ನೋಡಿದೆ ಕಣೆ, ಒಂದೊಂದನ್ನೂ ದೊಡ್ಡದು ಮಾಡ್ಕೊಂಡು ನೋಡಿದೆ. ಆ ಮಿಂಚುಳ್ಳಿ ಕಣ್ಣಲ್ಲಿ ಬೆಳಕಿನ ಚುಕ್ಕಿ ಹಿಡಿದಿದೀಯಲ್ಲ, ಅದಂತೂ ನಂಗೆ ತುಂಬಾ ಇಷ್ಟ ಆಯ್ತು, ನಿಮ್ಮಪ್ಪನೂ ಎರಡೆರಡು ಸಲ ಇಸ್ಕೊಂಡು ನೋಡಿದ್ರು. ನಿನ್ನ ಸ್ವಂತ ದುಡ್ಡಲ್ಲಿ ಕ್ಯಾಮೆರಾ ತಗೊಂಡು, ರಜೆ ದಿನ ಬೆಳಗಿನ ಜಾವ ಎದ್ದು ಕೆರೆ ಹತ್ರ ಹೋಗ್ತಿದೀಯ ಅಂದ್ರೆ ಅದು ಸುಮ್ನೆ ಶೋಕಿ ಅಲ್ಲ ಅಂತ ನಂಗೊತ್ತು, ಅದಕ್ಕೇ ಇಷ್ಟುದ್ದ ಬರೀತಿದೀನಿ, ಫೋನಲ್ಲಾದ್ರೆ ಅರ್ಧ ಮಾತಿಗೇ ನಿನ್ನ ಬಸ್ಸು ಬಂದ್ಬಿಡತ್ತೆ.

ನಂಗೆ ಅನ್ಸಿದ್ದು ಇಷ್ಟೇ. ನಿನ್ನ ಫೋಟೋಗಳಲ್ಲಿ ಹಕ್ಕಿ ಇದೆ, ಹಕ್ಕಿ ಇರೋ ಜಾಗ ಇಲ್ಲ. ಹಿಂದೆ ಎಲ್ಲಾ ಮಸುಕು ಹಸಿರು, ಅದು ಲಾಲ್‌ಬಾಗೋ ಕಬಿನಿಯೋ ಯಾರದೋ ಮನೆ ಕಾಂಪೌಂಡೋ ಒಂದೂ ಗೊತ್ತಾಗಲ್ಲ. ಈಗ ಎಲ್ರೂ ಹಾಗೇ ತೆಗೀತಾರೆ, ದೊಡ್ಡ ಲೆನ್ಸ್ ಹಾಕಿ ಮುಖ ತುಂಬಾ ತುಂಬಿಸಿ ಹಿಂದಿಂದೆಲ್ಲ ಬ್ಲರ್ ಮಾಡಿ. ಚೆನ್ನಾಗೇ ಕಾಣತ್ತೆ, ಇಲ್ಲ ಅನ್ನಲ್ಲ. ಆದ್ರೆ ನಮ್ಮ ಚಿತ್ರದುರ್ಗ ದಾವಣಗೆರೆ ಸೀಮೆ ಪ್ರಾಣಿಗಳಿಗೆ ಆ ಥರದ ಫೋಟೋ ಸಾಲದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಯಾಕೆ ಅಂತ ಹೇಳ್ತೀನಿ ಕೇಳು. ಜಗಳೂರು ಅಂದ್ರೆ ಜನಕ್ಕೆ ನೆನಪಾಗೋದು ಬರ. ಹಿರಿಯೂರು ಚಳ್ಳಕೆರೆ ಅಂದ್ರೆ ಬಿಸಿಲು, ಜಾಲಿ, ಕಲ್ಲು. ಸರ್ಕಾರದ ವೇಸ್ಟ್‌ಲ್ಯಾಂಡ್ ಅಟ್ಲಾಸ್ ಅಂತ ಒಂದಿದೆ, ಅದರಲ್ಲಿ ಕುರುಚಲು ಗಿಡ ಇರೋ ಭೂಮೀನೂ ಪಾಳುಭೂಮಿ ಲೆಕ್ಕಕ್ಕೇ ಬರತ್ತೆ. ಪಾಳು ಅಂತ ಒಂದ್ಸಲ ಬರೆದಿಟ್ಟ ಮೇಲೆ ಅಲ್ಲಿ ಏನು ಮಾಡಿದ್ರೂ ಯಾರೂ ಕೇಳಲ್ಲ, ಏನೋ ನೆಟ್ಟು ಹಸಿರು ಮಾಡಿದ್ರೂ ಒಳ್ಳೇದೇ ಅಂತಾರೆ. ಪಕ್ಕದ ರಾಣೆಬೆನ್ನೂರನ್ನೇ ನೋಡು, 1974ರಲ್ಲಿ ಕೃಷ್ಣಮೃಗಕ್ಕೆ ಮತ್ತೆ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಗೆ ಅಂತ ಅಲ್ಲಿ ವನ್ಯಧಾಮ ಮಾಡಿದ್ರು. ಎರೆಭೂತಕ್ಕೆ ಬೇಕಾಗಿದ್ದು ದೂರದವರೆಗೂ ಕಾಣೋ ಬಟ್ಟ ಬಯಲು, ಅಲ್ಲಿ ಬೆಳೆದು ನಿಂತಿದ್ದು ನೀಲಗಿರಿ ತೋಪು. ಕೃಷ್ಣಮೃಗ ಉಳ್ಕೊಂಡ್ವು, ಎರೆಭೂತ ಅಲ್ಲಿ ಈಗ ಇಲ್ಲ. ನಮ್ಮ ರಾಜ್ಯದಲ್ಲಿ ಅದನ್ನ ನೋಡ್ಬೇಕು ಅಂದ್ರೆ ಬಳ್ಳಾರಿ ಕಡೆ ಸಿರುಗುಪ್ಪದ ಎರೆಹೊಲಕ್ಕೇ ಹೋಗ್ಬೇಕು, ಅಲ್ಲೂ ಬೆರಳೆಣಿಕೆಯಷ್ಟು. ಹಕ್ಕಿ ಮುಖ ಎಷ್ಟೇ ಚೆನ್ನಾಗಿ ತೆಗೆದಿದ್ರೂ ಆ ಬಯಲು ಅದಕ್ಕೆ ಯಾಕೆ ಬೇಕು ಅನ್ನೋದು ನೋಡೋರಿಗೆ ತಿಳಿಯಲ್ಲ ಪುಟ್ಟಿ, ಬಯಲೂ ಫೋಟೋದಲ್ಲಿ ಇದ್ರೆ ತಾನೆ ತಿಳಿಯೋದು.

ನೀನು ಕೀನ್ಯಾಗೆ ಹೋಗೋಕೆ ದುಡ್ಡು ಕೂಡಿಡ್ತಿದೀನಿ ಅಂದೆಯಲ್ಲ, ಖಂಡಿತ ಹೋಗು. ಅದಕ್ಕಿಂತ ಮುಂಚೆ ಒಂದ್ಸಲ ರಂಗಯ್ಯನದುರ್ಗ ನೋಡು ಅಂತೀನಿ. ಜಗಳೂರು ತಾಲ್ಲೂಕು, ನಮ್ಮನೆಯಿಂದ ಬೆಳಿಗ್ಗೆ ಹೋಗಿ ಸಾಯಂಕಾಲ ಬರ್ಬೋದು. 2011ರಲ್ಲಿ ಕೊಂಡುಕುರಿಗೆ ಅಂತಾನೇ ಅದನ್ನ ವನ್ಯಧಾಮ ಮಾಡಿದ್ರು, 77 ಚದರ ಕಿಲೋಮೀಟರ್ ಆಸುಪಾಸು. ಹೆಸರಲ್ಲಿ ಕುರಿ ಇದ್ರೂ ಕೊಂಡುಕುರಿ ಚಿಗರೆ ಜಾತಿದು, ಅದಕ್ಕೆ ನಾಲ್ಕು ಕೊಂಬು ಕಣೆ, ಕಾಡುಪ್ರಾಣಿಗಳಲ್ಲಿ ನಾಲ್ಕು ಕೊಂಬು ಇರೋದು ಅದೊಂದಕ್ಕೇ, ಅದೂ ಗಂಡಿಗೆ ಮಾತ್ರ. ಹಿಂದಿನ ಜೋಡಿ ಉದ್ದ, ಹಣೆ ಮೇಲಿನ ಜೋಡಿ ಚಿಕ್ಕದು, ಕೆಲವಕ್ಕೆ ಅಲ್ಲಿ ಬರೀ ಗುಬುಟು ಅಷ್ಟೇ. ಭಾರತ ನೇಪಾಳ ಬಿಟ್ರೆ ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ. ನಿನ್ನ ಕೀನ್ಯಾದಲ್ಲಿ ಎಷ್ಟೋ ಥರದ ಚಿಗರೆ ಇರ್ಬೋದು, ಇದು ಸಿಗಲ್ಲ.

ಆದ್ರೆ ಇದು ಹಿಂಡಲ್ಲಿ ಬಂದು ನಿನ್ನ ಮುಂದೆ ನಿಲ್ಲೋ ಪ್ರಾಣಿ ಅಲ್ಲ. ಒಂಟಿ, ಹೆಚ್ಚು ಅಂದ್ರೆ ಜೋಡಿ, ಇಲ್ಲಾ ತಾಯಿ ಮರಿ. ಎತ್ತರ ಅರವತ್ತು ಸೆಂಟಿಮೀಟರ್ ಸುಮಾರು, ಅಂದ್ರೆ ಹುಲ್ಲು ಬೆಳೆದಿದ್ರೆ ಕಿವಿ ಅಷ್ಟೇ ಕಾಣತ್ತೆ. ಗಾಬರಿ ಆದ ತಕ್ಷಣ ಓಡಲ್ಲ, ನಿಂತಲ್ಲೇ ನಿಂತ್ಬಿಡತ್ತೆ, ನೀನು ಅದರ ಪಕ್ಕದಲ್ಲೇ ದಾಟ್ಕೊಂಡು ಹೋದ್ರೂ ಗೊತ್ತಾಗಲ್ಲ, ಇನ್ನು ಉಳಿಗಾಲ ಇಲ್ಲ ಅನ್ಸಿದಾಗ ಒಮ್ಮೆಲೇ ಚಂಗನೆ ಹಾರಿ ಹೋಗತ್ತೆ. ಅದನ್ನ ಹುಡುಕೋಕೆ ಮೊದಲು ನೋಡ್ಬೇಕಾಗಿದ್ದು ಹಿಕ್ಕೆ. ಕೊಂಡುಕುರಿ ಕಂಡಕಂಡಲ್ಲಿ ಹಿಕ್ಕೆ ಹಾಕಲ್ಲ, ಒಂದು ಜಾಗ ಮಾಡ್ಕೊಂಡ್ರೆ ಮತ್ತೆ ಮತ್ತೆ ಅಲ್ಲಿಗೇ ಬರತ್ತೆ. ಹಳೇದು ಬೆಳ್ಳಗೆ ಒಣಗಿರತ್ತೆ, ಅದರ ಮೇಲೆ ಕಪ್ಪಗೆ ಮಿರಮಿರ ಮಿಂಚೋ ಹೊಸದು ಬಿದ್ದಿದ್ರೆ ಇಲ್ಲೇ ಎಲ್ಲೋ ಇದೆ ಅಂತ ಅರ್ಥ. ಹತ್ರದಲ್ಲಿ ನೀರು ಇರ್ಲೇಬೇಕು, ನೀರಿಂದ ದೂರ ಇರೋ ಜೀವ ಅಲ್ಲ ಅದು. ಕುರಿ ಕಾಯೋರನ್ನ ಕೇಳು, ಅವರಷ್ಟು ಯಾರಿಗೂ ಗೊತ್ತಿಲ್ಲ, 'ಆ ಹಳ್ಳದ ಬಾರೆಮೇಲೆ ಐತೆ ನೋಡಕ್ಕ' ಅಂತ ಕೋಲು ತೋರಿಸಿ ಹೇಳ್ತಾರೆ. ಕೇಳೋದು ಸರಿ, ದುಡ್ಡು ಕೊಟ್ಟು ಓಡಿಸ್ಕೊಂಡು ಬಾ ಅನ್ನೋದು ಯಾವತ್ತೂ ಬೇಡ.

ಸಿಕ್ಕಿದಾಗ ಏನ್ಮಾಡ್ಬೇಕು ಅಂದ್ರೆ, ಮುಂದೆ ಹೋಗ್ಬೇಡ, ಅಲ್ಲೇ ಕೂತ್ಕೊ. ಗಾಳಿ ನಿನ್ನ ಕಡೆಯಿಂದ ಅದರ ಕಡೆ ಹೋಗ್ತಿದ್ರೆ ಅವತ್ತು ಅದು ಸಿಗಲ್ಲ ಅಂತ್ಲೇ ತಿಳ್ಕೊ. ಮುಖ ತುಂಬಿಸೋಕೆ ಹೋಗ್ದೆ ಜೂಮ್ ಹಿಂದಕ್ಕೆ ತಗೊ, 400 ಎಂಎಂ ಬದಲು 100ಕ್ಕೋ 150ಕ್ಕೋ ಇಳಿಸು, ಅಪರ್ಚರ್ (ಲೆನ್ಸೊಳಗಿನ ಬೆಳಕಿನ ಕಿಂಡಿ) ಎಫ್ 8 ಇಟ್ಕೊ, ಆಗ ಹಿಂದಿರೋ ಬಂಡೆ, ಒಣಹುಲ್ಲು, ಕಮರ, ಕವಳೆ ಮೆಳೆ ಎಲ್ಲ ಗುರುತು ಸಿಗೋ ಹಾಗೆ ಬರತ್ತೆ. ಫ್ರೇಮಲ್ಲಿ ಅದು ಚಿಕ್ಕದಾಗಿ ಕಾಣ್ಲಿ ಬಿಡು. ಹುಲ್ಲಿನ ಬಣ್ಣನೇ ಅದರ ಮೈಬಣ್ಣ ಅನ್ನೋದು ಆಗ್ಲೇ ನೋಡೋರಿಗೆ ತಿಳಿಯೋದು, ಆ ಹುಲ್ಲು ಸುಟ್ಟುಹೋದ್ರೆ ಅದಕ್ಕೆ ಬಚ್ಚಿಟ್ಕೊಳ್ಳೋಕೆ ಜಾಗ ಇಲ್ಲ ಅನ್ನೋದೂ ತಿಳಿಯತ್ತೆ. ಒಂಬತ್ತು ಒಂಬತ್ತೂವರೆ ಆದ್ಮೇಲೆ ಕ್ಯಾಮೆರಾ ಬ್ಯಾಗಿಗೆ ಹಾಕ್ಬಿಡು, ನಮ್ಮ ಕಡೆ ನೆಲ ಕಾಯ್ತಾ ಬಂದ್ಹಾಗೆ ಝಳ ಏಳತ್ತೆ, ದೂರದ್ದು ತೆಗೆದ್ರೆ ಎಂಥ ಲೆನ್ಸಲ್ಲೂ ಶಾರ್ಪ್ ಬರಲ್ಲ, ಜನ ಸುಮ್ನೆ ಲೆನ್ಸ್ ಬೈತಾರೆ.

ಇನ್ನು ಹೂವಿನ ವಿಷಯ. ಇದು ನನಗೆ ಪ್ರಾಣಿಗಿಂತ ಹತ್ರ. ನೀನು ಗೌರಿ ಹಬ್ಬದ ಹೊತ್ತಿಗೆ ಬಂದ್ರೆ ದುರ್ಗದ ಹತ್ರದ ಜೋಗಿಮಟ್ಟಿ ಬೆಟ್ಟದ ದಾರೀಲಿ, ಹೊಲದ ಬೇಲೀಲಿ ಗೌರಿಹೂ ಬಿಟ್ಟಿರತ್ತೆ. ಒಂದು ಬಳ್ಳಿ ಮುಂದೆ ಕೂತ್ಕೊಂಡು ನಿಧಾನಕ್ಕೆ ನೋಡು. ಎಲೆ ತುದಿ ಸುರುಳಿ ಸುತ್ತಿ ಪಕ್ಕದ ಗಿಡನ ಹಿಡ್ಕೊಂಡಿರತ್ತೆ, ಅದಕ್ಕೆ ಬೇರೆ ಕುಡಿ ಬೇಕಿಲ್ಲ, ಎಲೆಯೇ ಕೈ. ಹೂವು ನೆಲ ನೋಡ್ತಾ ಬಾಗಿರತ್ತೆ, ಆದ್ರೆ ಆರು ಎಸಳೂ ತಿರುಗಿ ಮೇಲಕ್ಕೆ ಎದ್ದಿರತ್ತೆ, ಅಂಚೆಲ್ಲ ಅಲೆ ಅಲೆ, ಬೆಂಕಿ ಹತ್ತಿಸಿದ ಹಾಗೆ. ಮೊದಲ ದಿನ ಹಸಿರು ಹಳದಿ, ಆಮೇಲೆ ಬುಡ ಹಳದಿ ತುದಿ ಕೆಂಪು, ಕೊನೆಗೆ ಪೂರ್ತಿ ಕೆಂಪು. ಪರಾಗ ಇರೋ ಕೇಸರಗಳು ಸುತ್ತಲೂ ಅಡ್ಡಡ್ಡ ಚಾಚಿರ್ತವೆ, ಶಲಾಕೆ, ಅಂದ್ರೆ ಹೂವಿನ ಹೆಣ್ಣು ಭಾಗದ ಕಡ್ಡಿ ಮಾತ್ರ ಬುಡದಲ್ಲೇ ಮುರಿದ ಹಾಗೆ ಬಾಗಿ ಒಂದು ಪಕ್ಕಕ್ಕೆ ಹೋಗಿರತ್ತೆ, ತನ್ನದೇ ಪರಾಗದಿಂದ ದೂರ. ಅದನ್ನ ತೋರಿಸ್ಬೇಕು ಅಂದ್ರೆ ಮೇಲಿಂದ ತೆಗೆದ್ರೆ ಆಗಲ್ಲ, ಹೊಟ್ಟೆ ನೆಲಕ್ಕೆ ಹಾಕಿ ಮಲಗಿ ಪಕ್ಕದಿಂದ ತೆಗಿ. ಕೆಂಪು ಬಣ್ಣ ಬಿಸಿಲಲ್ಲಿ ಬೇಗ ಮುದ್ದೆ ಆಗತ್ತೆ, ಎಸಳಿನ ಗೆರೆ ಎಲ್ಲ ಹೋಗ್ಬಿಡತ್ತೆ, ಅದಕ್ಕೆ ಎಕ್ಸ್‌ಪೋಷರ್ ಮುಕ್ಕಾಲು ಸ್ಟಾಪ್ ಕಮ್ಮಿ ಇಟ್ಟು, ಅಂದ್ರೆ ಬೆಳಕು ಸ್ವಲ್ಪ ಕಮ್ಮಿ ಬೀಳೋ ಹಾಗೆ ಮಾಡಿ, ರಾ ಫೈಲಲ್ಲೇ (ಕ್ಯಾಮೆರಾ ತಿದ್ದದ ಫೈಲಲ್ಲೇ) ತೆಗಿ. ಜೋಗಿಮಟ್ಟಿ ಗಾಳಿ ಗೊತ್ತಲ್ಲ, ಅಷ್ಟೊಂದು ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ ಅಲ್ಲಿ, ಹೂ ಒಂದು ಕ್ಷಣ ನಿಲ್ಲಲ್ಲ. ಗಾಳಿ ಬೀಸ್ತಾ ಬೀಸ್ತಾ ನಡುವೆ ಒಂದು ಗಳಿಗೆ ಸುಮ್ನಾಗತ್ತೆ, ಆ ಗಳಿಗೆಗೆ ಕಾದು ಕೂರು. ಕೊಂಬೆ ಕಟ್ಟಿಹಾಕೋದು, ದಾರ ಹಾಕಿ ಎಳೆಯೋದು ಬೇಡ.

ಮತ್ತೆ, ಕಿತ್ತು ಬೇರೆ ಕಡೆ ಇಟ್ಟು ಫೋಟೋ ತೆಗೆಯೋದಂತೂ ಬೇಡವೇ ಬೇಡ. ಒಬ್ರು ಹೂವಿನ ಫೋಟೋ ತೆಗೆದಾದ್ಮೇಲೆ ಆ ಬಳ್ಳಿನೇ ಕಿತ್ತು ಬಿಸಾಕಿದ್ದನ್ನ ನಾನು ನೋಡಿದೀನಿ, ಇನ್ನೊಬ್ರು ಅದೇ ಫೋಟೋ ತೆಗೀಬಾರ್ದು ಅಂತ. ಅವತ್ತು ಆದ ಸಂಕಟ ಇನ್ನೂ ಹೋಗಿಲ್ಲ. ಹಾಂ, ಗೌರಿಹೂ ಗಿಡ ಪೂರ್ತಿ ವಿಷ, ಗೆಡ್ಡೆ ಅಂತೂ ಪ್ರಾಣ ತೆಗೆಯೋವಷ್ಟು, ಮುಟ್ಟಿದ್ರೆ ಕೈ ತೊಳ್ಕೊಂಡೇ ಊಟ ಮಾಡು.

ಬರೀ ಅಪರೂಪದ್ದೇ ಬೇಕು ಅಂತಾನೂ ಇಲ್ಲ ಪುಟ್ಟಿ. ತಂಗಡಿ ಹೂ ಹಳದಿ, ಬೇಸಿಗೆ ಮುಂಚೆ ಎಲೆ ಎಲ್ಲ ಉದುರಿಸ್ಕೊಂಡು ನಿಲ್ಲೋ ಮುತ್ತುಗ, ಬಿಸಿಲು ಏರಿದಾಗ ಬಿಡೋ ಕಕ್ಕೆ, ಇವೆಲ್ಲ ನಮ್ಮ ಒಣ ನೆಲದವು, ಹಿಂದೆ ಕೆಂಪು ಮಣ್ಣು ಕರಿ ಬಂಡೆ ಸೇರಿಸಿ ತೆಗೆದ್ರೆ ಯಾವ ಸ್ವಿಟ್ಜರ್ಲ್ಯಾಂಡೂ ಬೇಡ.

ಬಂಡೆ ಅಂದಾಗ ನೆನಪಾಯ್ತು, ಮರಡಿಹಳ್ಳಿಗೆ ನಿನ್ನ ಕರ್ಕೊಂಡು ಹೋಗ್ಲೇಬೇಕು. ದುರ್ಗದ ಹತ್ರನೇ, ದಿಂಬು ಲಾವಾ ಇರೋ ಜಾಗ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದಾರೆ. ಲಾವಾರಸ ನೀರೊಳಗೆ ಉಕ್ಕಿದ್ರೆ ಹೊರಗಿನ ಪದರ ತಕ್ಷಣ ಗಟ್ಟಿಯಾಗಿ ಉಂಡೆ ಉಂಡೆ ಆಗತ್ತೆ, ಒಂದರ ಮೇಲೊಂದು ಒತ್ಕೊಂಡು ಕೂರತ್ತೆ. 250 ಕೋಟಿ ವರ್ಷದಷ್ಟು ಹಳೇ ಕಲ್ಲು. ಮಳೆಗೆ ಮುಖ ಮಾಡಿ ಕಾಯೋ ನಮ್ಮ ಸೀಮೆ ಒಂದು ಕಾಲಕ್ಕೆ ನೀರಡಿ ಇತ್ತು ಅಂದ್ರೆ ನನಗೆ ಇವತ್ತಿಗೂ ಮೈ ಜುಂ ಅನ್ನತ್ತೆ, ಕ್ಲಾಸಲ್ಲಿ ಮಕ್ಕಳಿಗೆ ಹೇಳುವಾಗ್ಲೂ ಅಷ್ಟೇ. ಸಂಜೆ ಬೆಳಕು ಪಕ್ಕದಿಂದ ಬಿದ್ದಾಗ ಮಾತ್ರ ಆ ಉಬ್ಬು ಕಾಣತ್ತೆ, ನಡು ಮಧ್ಯಾಹ್ನ ಹೋದ್ರೆ ಬರೀ ಕಲ್ಲು. ಕಪ್ಪು ಬಿಳುಪಲ್ಲಿ ತೆಗೆದು ನೋಡು. ಸಂಡೂರಿನ ಎಂ.ವೈ. ಘೋರ್ಪಡೆಯವರು ರಾಜ್ಯದ ಹಣಕಾಸು ಮಂತ್ರಿ ಆಗಿದ್ದೋರು, ಕಾಡುಪ್ರಾಣಿಗಳನ್ನ ಕಪ್ಪು ಬಿಳುಪಲ್ಲೇ ತೆಗೆದು ಹೆಸರಾದೋರು, ಅವರ ಫೋಟೋ ಹುಡುಕಿ ನೋಡು, ಬೆಳಕು ಅಂದ್ರೆ ಏನು ಅಂತ ತಿಳಿಯತ್ತೆ.

ಕೆಲವು ಮಾತು ಅಮ್ಮನಾಗಿ ಗಟ್ಟಿಯಾಗೇ ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಗೂಡಲ್ಲಿ ಕೂತ ಹಕ್ಕಿ ಫೋಟೋ ಬೇಡ. ಟಿಟ್ಟಿಭ ನೋಡು, ಗೂಡೂ ಕಟ್ಟಲ್ಲ, ಬರೀ ನೆಲದ ಮೇಲೆ ಬೆಣಚುಕಲ್ಲಿನ ನಡುವೆ ನಾಲ್ಕು ಮೊಟ್ಟೆ ಇಡತ್ತೆ, ಕಲ್ಲು ಯಾವುದು ಮೊಟ್ಟೆ ಯಾವುದು ಗೊತ್ತಾಗಲ್ಲ. ಬಿಸಿಲು ಜೋರಾದಾಗ ಎದೆ ಹೊಟ್ಟೆ ಪುಕ್ಕ ನೀರಲ್ಲಿ ನೆನೆಸ್ಕೊಂಡು ಬಂದು ಮೊಟ್ಟೆ ಮೇಲೆ ಕೂತು ತಂಪು ಮಾಡತ್ತೆ. ನೀನು ಇನ್ನೊಂದು ಕ್ಲಿಕ್ ಇನ್ನೊಂದು ಕ್ಲಿಕ್ ಅಂತ ಅರ್ಧ ಗಂಟೆ ಅಲ್ಲೇ ನಿಂತ್ರೆ ಅದು ತಲೆ ಮೇಲೆ ಕೂಗ್ತಾ ಹಾರಾಡ್ತಾನೇ ಇರತ್ತೆ, ಕೆಳಗೆ ಮೊಟ್ಟೆ ಬೇಯ್ತಿರತ್ತೆ. ಕೂಗಿದ ಕೂಡ್ಲೇ ಬಂದ ದಾರೀಲೇ ವಾಪಸ್ ಬಾ. ಮೊಬೈಲಲ್ಲಿ ಹಕ್ಕಿ ಕೂಗು ಹಾಕಿ ಕರೆಯೋದೂ ಅಷ್ಟೇ ಕೆಟ್ಟದ್ದು, ಪಾಪ ಅದು ಇನ್ಯಾವುದೋ ಹಕ್ಕಿ ತನ್ನ ಜಾಗಕ್ಕೆ ಬಂತು ಅಂತ ತಿನ್ನೋದು ಬಿಟ್ಟು ಜಗಳಕ್ಕೆ ಬರತ್ತೆ. ತೋಳದ ಗುಹೆ, ಕೊಂಡುಕುರಿ ಹಿಕ್ಕೆ ಜಾಗ ಸಿಕ್ಕಿದ್ರೆ ಲೊಕೇಶನ್ ಯಾರಿಗೂ ಹಾಕ್ಬೇಡ, ಫೋಟೋ ಫೈಲೊಳಗೇ ಜಿಪಿಎಸ್ ಸೇರ್ಕೊಂಡಿರತ್ತೆ, ಅದನ್ನೂ ತೆಗ್ದು ಹಾಕು. ಜಗಳೂರು ತಾಲ್ಲೂಕು ಕುರುಚಲು ಕಾಡು ಅಂತ ಬರೆದ್ರೆ ಸಾಕು. ಅಂದ್ರೆ ಭೂಮಿ ಎಂಥದ್ದು ಅಂತ ಎಲ್ರಿಗೂ ಗೊತ್ತಾಗ್ಲಿ, ಯಾವ ಪೊದೆ ಅಂತ ಯಾರಿಗೂ ಗೊತ್ತಾಗ್ದೆ ಇರ್ಲಿ.

ಕರಡಿ ವಿಷಯ ನಿಮ್ಮಪ್ಪ ಹೇಳು ಅಂದ್ರು. ಜೋಗಿಮಟ್ಟಿ 2015ರಲ್ಲಿ ವನ್ಯಧಾಮ ಆಯ್ತು, ಅಲ್ಲೂ ಕರಡಿ ಚಿರತೆ ಎರಡೂ ಇದಾವೆ. ಬಂಡೆ ಪೊಟರೆ ಮುಂದೆ ಬಗ್ಗಿ ಇಣುಕಬೇಡ, ಒಬ್ಳೇ ಕತ್ತಲಾಗೋವರೆಗೂ ನಿಲ್ಲಬೇಡ. ಒಡೆದ ಹುತ್ತ, ಕಕ್ಕೆಕಾಯಿ ಬೀಜ ತುಂಬಿದ ಲದ್ದಿ ಕಂಡ್ರೆ ಕರಡಿ ಓಡಾಡಿದೆ ಅಂತ ಅರ್ಥ, ಅದರ ಫೋಟೋನೇ ತಗೊಂಡು ಬಾ, ಅದೂ ಕರಡಿ ಫೋಟೋನೇ ನನ್ನ ಲೆಕ್ಕದಲ್ಲಿ.

ವನ್ಯಧಾಮದೊಳಗೆ ಫೋಟೋ ತೆಗೆಯೋಕೆ ಅರಣ್ಯ ಇಲಾಖೆ ಪರ್ಮಿಷನ್ ಬೇಕು, 1972ರ ಕಾಯ್ದೆಯಲ್ಲೇ ಇದೆ ಅದು. ನಿನ್ನ ಆಧಾರ್ ಕಾರ್ಡ್ ಕಾಪಿ, ಕ್ಯಾಮೆರಾ ಲೆನ್ಸ್ ವಿವರ ಈ ವಾರದೊಳಗೆ ಕಳಿಸು, ನಾನೇ ಆಫೀಸಿಗೆ ಹೋಗಿ ಅರ್ಜಿ ಕೊಟ್ಟು ಬರ್ತೀನಿ. ದಸರಾ ರಜೆಗೆ ಬರೋದಾದ್ರೆ ನನಗೂ ಸ್ಕೂಲ್ ರಜೆ, ಹುಲ್ಲು ಎತ್ತರ ಇರತ್ತೆ, ಕೊಂಡುಕುರಿ ಕಾಣೋದು ಕಷ್ಟ ಆದ್ರೂ ನೆಲ ನೋಡೋಕೆ ಅದೇ ಸರಿಯಾದ ಕಾಲ. ಟ್ರೈಪಾಡ್ ಹೊತ್ಕೊಂಡು ಬರ್ಬೇಡ, ನಿನ್ನ ಹಳೇ ಜೀನ್ಸ್ ಕಾಲು ಕತ್ತರಿಸಿ ಎರಡೂ ಕಡೆ ಹೊಲಿದು ಮೆಕ್ಕೆಜೋಳ ತುಂಬಿಸಿ ಇಟ್ಟಿದೀನಿ, ಬಂಡೆ ಮೇಲೆ ಹಾಕಿ ಅದರ ಮೇಲೆ ಲೆನ್ಸ್ ಇಟ್ರೆ ಅಲ್ಲಾಡಲ್ಲ. ಆ ಚಿಕ್ಕ ವೈಡ್ ಲೆನ್ಸ್ ಇದೆಯಲ್ಲ, ಬಳಸ್ತಾನೇ ಇಲ್ಲ ಅಂದಿದ್ದೆ, ಅದನ್ನ ಮಾತ್ರ ಮರೀದೇ ತಗೊಂಡು ಬಾ.

ಇಂತಿ ನಿನ್ನ
ಅಮ್ಮ
ಚಿತ್ರದುರ್ಗ