ಕರೆಂಟ್ ಒಲೆಗೆ ಇನ್ನು ಪ್ರತ್ಯೇಕ ಲೈನ್ ಮಾತ್ರ: ಗ್ರಾಹಕರಿಗೆ ಒಂದು ಪತ್ರ

ಮಾನ್ಯ ಗ್ರಾಹಕರೇ,

ಓವನ್ ಇರುವ ದೊಡ್ಡ ಕರೆಂಟ್ ಒಲೆಯನ್ನು ಅಡುಗೆಮನೆಯಲ್ಲಿ ಮೊದಲೇ ಇರುವ ಪ್ಲಗ್ ಪಾಯಿಂಟಿಗೆ ಜೋಡಿಸಿಕೊಡುವುದನ್ನು ಮುಂದಿನ ತಿಂಗಳಿನಿಂದ ನಿಲ್ಲಿಸುತ್ತಿದ್ದೇವೆ. ಡಿಬಿಯಿಂದ (ಮನೆಯ ಎಲ್ಲ ಲೈನುಗಳೂ ಹೊರಡುವ ಸ್ವಿಚ್ ಪೆಟ್ಟಿಗೆಯಿಂದ) ಒಲೆಗೆಂದೇ ಬೇರೆ ಲೈನ್ ಎಳೆದರೆ ಮಾತ್ರ ಕೆಲಸ ಒಪ್ಪಿಕೊಳ್ಳುತ್ತೇವೆ. ನಮ್ಮ ಕೆಲಸದ ಬಿಲ್ ಏರುತ್ತದೆ, ಗೋಡೆ ಕೊರೆಯಬೇಕಾದರೆ ಧೂಳಾಗುತ್ತದೆ, ಅಡುಗೆಮನೆ ಹೊತ್ತುಗಟ್ಟಲೆ ಬಿಟ್ಟುಕೊಡಬೇಕಾಗುತ್ತದೆ. ಈ ತೊಂದರೆಗೆಲ್ಲ ಕ್ಷಮೆಯಿರಲಿ. 2 ಕಿಲೋವ್ಯಾಟ್‌ನ ಒಂಟಿ ಇಂಡಕ್ಷನ್ ಒಲೆ ಇಟ್ಟುಕೊಂಡವರು ಗಾಬರಿಯಾಗಬೇಡಿ. ಅದು ಎಳೆಯುವುದು 9 ಆಂಪ್‌ಗಿಂತ ಕಡಿಮೆ. ಗಟ್ಟಿಯಾದ 16 ಆಂಪ್ ಸಾಕೆಟ್ ಸಾಕು.

ನಮ್ಮ ಕಿವಿಗೆ ಮತ್ತೆ ಮತ್ತೆ ಬೀಳುವ ಮಾತೊಂದಿದೆ: ‘ಇರುವ ಪಾಯಿಂಟಿಗೇ ಹಾಕಿ, ಬೇಕಾದರೆ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನಾಗಿ ಬಿದ್ದು ಲೈನ್ ಕಡಿಯುವ ಸ್ವಿಚ್) ದೊಡ್ಡದು ಕೂರಿಸಿ. ಬೇರೆಯವರು ಅರ್ಧ ಗಂಟೆಯಲ್ಲಿ ಮಾಡಿಕೊಡುತ್ತಾರೆ.’ ಮಾಡಿಕೊಡುತ್ತಾರೆ, ನಿಜ. ಒಲೆ ಉರಿಯುತ್ತದೆ ಎನ್ನುವುದೂ ನಿಜ. ಆದರೆ ಎಂಸಿಬಿ ಇರುವುದು ಒಲೆಯನ್ನು ಕಾಯಲಿಕ್ಕಲ್ಲ, ಗೋಡೆಯೊಳಗಿನ ವೈರನ್ನು ಕಾಯಲಿಕ್ಕೆ. 7 ಕಿಲೋವ್ಯಾಟ್ ಒಲೆಯ ಎಲ್ಲ ಪ್ಲೇಟು, ಓವನ್ ಒಟ್ಟಿಗೆ ಉರಿದರೆ 230 ವೋಲ್ಟ್‌ನಲ್ಲಿ ಸುಮಾರು 30 ಆಂಪ್ ಹರಿಯುತ್ತದೆ. ಪ್ಲಗ್ ಪಾಯಿಂಟಿಗೆ ಸಾಮಾನ್ಯವಾಗಿ ಬಂದಿರುವುದು 2.5 ಚದರ ಮಿಲಿಮೀಟರ್ ವೈರು. ಪೈಪಿನೊಳಗೆ, ಬಿಸಿ ವಾತಾವರಣದಲ್ಲಿ, ಅದು ತಾಳುವುದು 20 ಆಂಪ್ ಆಸುಪಾಸು. ಅಲ್ಲಿ 32 ಆಂಪ್ ಎಂಸಿಬಿ ಕೂರಿಸಿದರೆ 30 ಆಂಪ್ ಹರಿದರೂ ಅದು ಬೀಳುವುದಿಲ್ಲ. 70 ಡಿಗ್ರಿವರೆಗೆ ಮಾತ್ರ ತಾಳುವ ಪಿವಿಸಿ ಹೊದಿಕೆ ಒಳಗೊಳಗೇ ಗಟ್ಟಿಯಾಗಿ, ಬಿರುಕು ಬಿಟ್ಟು, ಕೊನೆಗೆ ಫೇಸ್ ಮತ್ತು ನ್ಯೂಟ್ರಲ್ ತಾಗುತ್ತವೆ. ಅಷ್ಟರವರೆಗೆ ಹೊರಗೆ ಯಾವ ಗುರುತೂ ಕಾಣದೇ ಇರಬಹುದು.

‘ನಾವು ಎಲ್ಲ ಒಟ್ಟಿಗೆ ಹಚ್ಚುವುದೇ ಇಲ್ಲ’ ಎನ್ನುವವರೂ ಇದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಥರ್ಮೋಸ್ಟಾಟ್ ಕೂಡ ಆಗಾಗ ಕರೆಂಟ್ ಕಡಿಯುತ್ತಲೇ ಇರುತ್ತದೆ. 10 ಕಿಲೋವ್ಯಾಟ್ ಒಲೆಯ ಪೂರ್ಣ ಲೆಕ್ಕ 43 ಆಂಪ್ ದಾಟಿದರೂ ನಾವು ಅದಕ್ಕೂ 32 ಆಂಪ್ ಲೈನ್ ಸಾಕು ಎನ್ನುವುದು ಆ ರಿಯಾಯಿತಿಯನ್ನು ಹಿಡಿದೇ. ಅದೇ ರಿಯಾಯಿತಿಯನ್ನು ಇನ್ನೊಮ್ಮೆ ಕಳೆಯಲಾಗದು. ಮನೆ ತುಂಬ ಜನ ಬಂದ ದಿನ ಎಲ್ಲವೂ ಒಟ್ಟಿಗೆ ಉರಿಯುತ್ತದೆ.

ಇನ್ನು ‘ದುಬಾರಿ’ ಎನ್ನುವ ಮಾತು. ಇದು ನಮಗೆ ನಿಜಕ್ಕೂ ನೋವು ಕೊಟ್ಟಿದೆ. ಬಿಲ್ಲಿನಲ್ಲಿ ದೊಡ್ಡ ಭಾಗ ತಾಮ್ರದ್ದು. 6 ಚದರ ಮಿಲಿಮೀಟರ್ ವೈರಿನಲ್ಲಿ 2.5ರ ವೈರಿನ ಸುಮಾರು ಎರಡೂವರೆ ಪಟ್ಟು ತಾಮ್ರವಿದೆ. ಅದು ಹಳೆಯ ತುಂಬಿದ ಪೈಪಿನಲ್ಲಿ ನುಗ್ಗುವುದಿಲ್ಲ, ಹೊಸ ಪೈಪ್ ಬೇಕು. ಡಿಬಿ ದೂರವಿದ್ದರೆ ಅಥವಾ ಲೋಡಿನ ವೈರುಗಳು ಹತ್ತಾರು ಒಂದೇ ಪೈಪಿನಲ್ಲಿದ್ದರೆ 10 ಚದರ ಮಿಲಿಮೀಟರ್‌ಗೆ ಹೋಗಬೇಕಾಗುತ್ತದೆ. ಅಲ್ಯೂಮಿನಿಯಂ ಹಾಕಿ ಕಡಿಮೆ ಮಾಡಿ ಎಂದವರಿಗೆ ಇಲ್ಲ ಎಂದಿದ್ದೇವೆ, ಮುಂದೆಯೂ ಇಲ್ಲವೇ. ಉಳಿದದ್ದು 32 ಆಂಪ್ ಎಂಸಿಬಿ, ಕರೆಂಟ್ ಸೋರಿದರೆ ತಾನಾಗಿ ಬಿದ್ದು ಲೈನ್ ಕಡಿಯುವ 30 ಮಿಲಿಆಂಪ್ ಆರ್‌ಸಿಸಿಬಿ, ಫೇಸ್-ನ್ಯೂಟ್ರಲ್ ಎರಡನ್ನೂ ಕಡಿಯುವ ಡಬಲ್ ಪೋಲ್ ಸ್ವಿಚ್. ಸ್ವಿಚ್ಚನ್ನು ಒಲೆಯ ಪಕ್ಕಕ್ಕೆ, ಕೈಗೆಟುಕುವಂತೆ, 2 ಮೀಟರ್ ಒಳಗೆ ಹಾಕುತ್ತೇವೆ. ಒಲೆಯ ನೇರ ಮೇಲೆ ಎಂದೂ ಇಲ್ಲ. ಬಾಣಲೆಗೆ ಬೆಂಕಿ ಹತ್ತಿದಾಗ ಜ್ವಾಲೆಯ ಮೇಲಿಂದ ಕೈ ಚಾಚುವಂತಿರಬಾರದು.

ಕಣ್ಣಿಗೆ ಕಾಣದ ಕೆಲಸವೇ ಹೆಚ್ಚು ಹೊತ್ತು ಹಿಡಿಯುವುದು, ಅದರಲ್ಲಿ ನಮಗೆ ಹೆಮ್ಮೆಯಿದೆ. ಮೇನ್ ಆಫ್ ಮಾಡಿ ಬೀಗ ಹಾಕಿದ ಮೇಲೂ ನಮ್ಮ ಪರೀಕ್ಷೆಯ ಮೀಟರನ್ನು ಮೊದಲು ಕರೆಂಟ್ ಇರುವಲ್ಲಿ, ಆಮೇಲೆ ಒಲೆಯ ಲೈನಿನಲ್ಲಿ, ಮತ್ತೆ ಕರೆಂಟ್ ಇರುವಲ್ಲಿ ಹಿಡಿದು ನೋಡುತ್ತೇವೆ. ಮೀಟರೇ ಕೆಟ್ಟಿದ್ದರೆ ಸತ್ತ ಲೈನ್ ಯಾವುದೆಂದು ಹೇಗೆ ನಂಬುವುದು? ಒಲೆಯ ಹಿಂಬದಿಯ ಟರ್ಮಿನಲ್‌ನಲ್ಲಿ ಹಿತ್ತಾಳೆಯ ಪಟ್ಟಿಗಳಿರುತ್ತವೆ. ಸಿಂಗಲ್ ಫೇಸ್ ಮನೆಯಲ್ಲಿ ಒಲೆಯ ನಕ್ಷೆಯಂತೆ ಅವುಗಳಿಂದ ಫೇಸ್ ತಿರುಪುಗಳನ್ನು ಸೇರಿಸಬೇಕು. ತ್ರೀ ಫೇಸ್ ಕೊಡುವಾಗ ಅವೇ ಪಟ್ಟಿ ಉಳಿದುಹೋದರೆ ಫೇಸಿಗೆ ಫೇಸ್ ನೇರ ಶಾರ್ಟ್. ಅರ್ತ್ ವೈರನ್ನು ಉಳಿದವಕ್ಕಿಂತ ಸ್ವಲ್ಪ ಉದ್ದ ಬಿಡುತ್ತೇವೆ, ಒಲೆ ಎಳೆದಾಡಿದರೆ ಕೊನೆಗೆ ಕಿತ್ತುಬರುವುದು ಅದಾಗಿರಲಿ ಎಂದು. ತಿರುಪುಗಳನ್ನು ಅಳತೆಯ ಬಿಗಿಗೆ ಬಿಗಿಯುತ್ತೇವೆ. ಲೂಸ್ ಕನೆಕ್ಷನ್‌ನಲ್ಲಿ ಒಂದು ಓಮ್‌ನ ಹತ್ತನೇ ಒಂದು ಪಾಲು ತಡೆ ಉಳಿದರೂ 30 ಆಂಪ್ ಹರಿಯುವಾಗ ಅಲ್ಲಿ 90 ವ್ಯಾಟ್ ಶಾಖ ಹುಟ್ಟುತ್ತದೆ, ಅದೂ ಮುಚ್ಚಿದ ಪುಟ್ಟ ಡಬ್ಬಿಯೊಳಗೆ. ಕೊನೆಗೆ ಇನ್ಸುಲೇಷನ್, ಅರ್ತ್, ಆರ್‌ಸಿಸಿಬಿ ಪರೀಕ್ಷೆ ಮಾಡಿ, ಅಳತೆ ಬರೆದ ಹಾಳೆಯನ್ನು ನಿಮ್ಮ ಕೈಗೇ ಕೊಡುತ್ತೇವೆ.

ಬಹುಕಾಲ ಮುಟ್ಟದ ಓವನ್ ಹಚ್ಚಿದಾಗ ಆರ್‌ಸಿಸಿಬಿ ಬಿದ್ದರೆ ವೈರಿಂಗ್ ಕೆಟ್ಟಿತೆಂದುಕೊಳ್ಳಬೇಡಿ. ಎಲಿಮೆಂಟಿನೊಳಗಿನ ಪುಡಿ ತೇವ ಹೀರಿರಬಹುದು. ಆದರೆ ಆರ್‌ಸಿಸಿಬಿಯನ್ನು ತಪ್ಪಿಸಿ ಓಡಿಸಲು ಯಾರಿಗೂ ಬಿಡಬೇಡಿ. ನಮ್ಮನ್ನು ಕರೆಯಿರಿ, ಎಲಿಮೆಂಟ್ ಅಳೆದು ನೋಡಿ ಒಣಗಿಸುವುದೋ ಬದಲಿಸುವುದೋ ಹೇಳುತ್ತೇವೆ.

ಈಗಾಗಲೇ ಹಳೆಯ ಪಾಯಿಂಟಿನಲ್ಲಿ ದೊಡ್ಡ ಒಲೆ ಓಡಿಸುತ್ತಿರುವವರು ಸಾಕೆಟ್ ಬಿಸಿಯಾಗುತ್ತಿದ್ದರೆ, ಕಂದು ಬಣ್ಣಕ್ಕೆ ತಿರುಗಿದ್ದರೆ, ಸುಟ್ಟ ಪ್ಲಾಸ್ಟಿಕ್ ವಾಸನೆ ಬರುತ್ತಿದ್ದರೆ ಆ ಲೈನಿನ ಎಂಸಿಬಿಯನ್ನು ಆಫ್ ಮಾಡಿ ಇಂದೇ ಹೇಳಿಕಳುಹಿಸಿ. ಅಂಥವರ ಮನೆಗೆ ಮೊದಲು ಬರುತ್ತೇವೆ. ಹೊಸದಾಗಿ ಹಾಕಿಸುವವರು ಒಲೆಯ ಹಿಂದಿನ ತಗಡಿನ ಪಟ್ಟಿಯಲ್ಲಿರುವ ವ್ಯಾಟ್ ಮತ್ತು ವೋಲ್ಟ್, ಒಲೆ ಇಡುವ ಜಾಗದಿಂದ ಡಿಬಿಗೆ ಇರುವ ದೂರ, ಇಷ್ಟನ್ನು ಬರೆದಿಟ್ಟುಕೊಂಡರೆ ಎಷ್ಟು ವೈರು ಬೇಕು, ಎಷ್ಟು ಖರ್ಚಾಗುತ್ತದೆ ಎಂದು ಗೋಡೆ ಮುಟ್ಟುವ ಮೊದಲೇ ಬರಹದಲ್ಲಿ ಕೊಡುತ್ತೇವೆ.

ಇಂತಿ,
ನಿಮ್ಮ ವೈರಿಂಗ್ ಕೆಲಸಗಾರರ ಸಹಕಾರಿ