ಮಕ್ಕಳ ಅಲರ್ಜಿ ಬಗ್ಗೆ ಪಾಲಕರಿಗೆ ಪತ್ರ

ಪಾಲಕರಿಗೆ ನಮಸ್ಕಾರ.

ಕಬ್ಬಿನ ಕಟಾವು ಶುರುವಾಗಿದೆ. ಹೊಲದಲ್ಲಿ ರವದಿಗೆ (ಕಬ್ಬಿನ ಒಣ ಎಲೆಗೆ) ಬೆಂಕಿ ಹಚ್ಚಿದ ದಿನ ಕರಿ ಬೂದಿ ಹಾರಿ ಬಂದು ಮಕ್ಕಳ ಪುಸ್ತಕದ ಮೇಲೆ ಕೂರುತ್ತದೆ. ಮೊನ್ನೆ ಮೂರನೇ ತರಗತಿ ಹುಡುಗನೊಬ್ಬ ಕಣ್ಣು ಉಜ್ಜಿ ಉಜ್ಜಿ ಕೆಂಪು ಮಾಡಿಕೊಂಡಿದ್ದ. ಕೇಳಿದರೆ, "ರಾತ್ರಿ ಎದಿ ಸುಂಯ್ ಅಂತೈತ್ರಿ ಟೀಚರ್" ಅಂದ. ಮನೆಯಲ್ಲಿ ನೆಗಡಿ ಅಂತ ಬಿಟ್ಟಿದ್ದರಂತೆ. ಪದೇ ಪದೇ ಸೀನು, ಕಣ್ಣು ಮೂಗಿನ ತುರಿಕೆ, ರಾತ್ರಿ ಕೆಮ್ಮು ಇದ್ದರೆ ಸುಮ್ನೆ ಬಿಡಬೇಡಿ. ಅಲರ್ಜಿ ಇರಬಹುದು, ಡಾಕ್ಟರಿಗೆ ತೋರಿಸಿ.

ಅಲರ್ಜಿ ತಂದೆ-ತಾಯಿಯಿಂದಲೂ ಬರುತ್ತದೆ, ನಿಜ. ಆದರೆ ಹೊಟ್ಟೆಯಲ್ಲಿದ್ದಾಗಿನಿಂದ ಮೊದಲ ಎರಡು-ಮೂರು ವರ್ಷ ಕೂಸು ಎಂಥ ಗಾಳಿ ಕುಡಿಯಿತು, ಏನು ತಿಂದಿತು ಅನ್ನುವುದೂ ಮುಖ್ಯ. ಬಸುರಿ ಹೆಂಗಸಿನ ಹತ್ತಿರ, ಕೂಸಿನ ಹತ್ತಿರ ದಯವಿಟ್ಟು ಬೀಡಿ ಸೇದಬೇಡಿ. ಅದರ ಹೊಗೆ ಮಗುವಿಗೆ ಉಬ್ಬಸ ತರಬಹುದು. ದನದ ಕೊಟ್ಟಿಗೆಗೆ ಮಾತ್ರ ಹೆದರಬೇಡಿ. ಯುರೋಪಿನ ಹಳ್ಳಿಗಳಲ್ಲಿ ಚಿಕ್ಕಂದಿನಿಂದ ದನಗಳ ಜೊತೆ ಬೆಳೆದ ಮಕ್ಕಳಲ್ಲಿ ಅಲರ್ಜಿ ಕಡಿಮೆ ಎಂದು ಕಂಡುಬಂದಿದೆ.

ಮನೆಯಲ್ಲಿ ಸಣ್ಣ ಕೂಸಿದ್ದವರು ಇದನ್ನು ಓದಲೇಬೇಕು. ಶೇಂಗಾ, ಮೊಟ್ಟೆ ತಿನ್ನಿಸುವುದನ್ನು ಮುಂದೂಡಿದರೆ ಅಲರ್ಜಿ ತಪ್ಪುತ್ತದೆ ಎಂದು ಮೊದಲು ಡಾಕ್ಟರುಗಳೂ ಹೇಳುತ್ತಿದ್ದರು. 2015ರಲ್ಲಿ ಲಂಡನ್ನಿನ ಅಧ್ಯಯನವೊಂದು ಅದನ್ನು ತಿರುಗಿಸಿತು. ಇಸುಬು ಜಾಸ್ತಿ ಇದ್ದ ಅಥವಾ ಮೊಟ್ಟೆ ಅಲರ್ಜಿ ಇದ್ದ ಕೂಸುಗಳಿಗೆ 4ರಿಂದ 11 ತಿಂಗಳೊಳಗೆ ಶೇಂಗಾ ಶುರುಮಾಡಿ, 5 ವರ್ಷದ ತನಕ ಕೊಟ್ಟರು. ಶೇಂಗಾ ಕೊಡದೇ ಬೆಳೆಸಿದ ಕೂಸುಗಳಿಗಿಂತ ಅವರಲ್ಲಿ ಶೇಂಗಾ ಅಲರ್ಜಿ ಸುಮಾರು ಶೇ. 80ರಷ್ಟು ಕಡಿಮೆ ಇತ್ತು. ನಮ್ಮ ಮನೆಗಳಲ್ಲಿ ಶೇಂಗಾಕ್ಕೆ ಬರವಿಲ್ಲ ಅಲ್ವಾ? 6 ತಿಂಗಳಾದ ಮೇಲೆ ನುಣ್ಣಗೆ ಅರೆದು ಗಂಜಿಯಲ್ಲಿ ಕಲಸಿ ಸ್ವಲ್ಪ ಸ್ವಲ್ಪ ಕೊಡಿ. ಇಡೀ ಕಾಳು ಬೇಡವೇ ಬೇಡ, ಗಂಟಲಲ್ಲಿ ಸಿಕ್ಕೀತು. ಮೈಮೇಲೆ ಇಸುಬು ಜಾಸ್ತಿ ಇದ್ದರೆ ಮೊದಲು ಡಾಕ್ಟರನ್ನು ಕೇಳಿ.

ಶಾಲೆಯಲ್ಲಿ ಹಾಲು, ಮೊಟ್ಟೆ ಕೊಡುತ್ತೇವೆ. ಯಾವುದನ್ನಾದರೂ ತಿಂದ ಮೇಲೆ ಮಗುವಿಗೆ ತುಟಿ ಊದಿದ್ದು, ಮೈಮೇಲೆ ದದ್ದು ಎದ್ದದ್ದು ಇದ್ದರೆ ತರಗತಿ ಶಿಕ್ಷಕರಿಗೆ ತಿಳಿಸಿ. ಅಲರ್ಜಿ ತರುವ ಕಾಂಗ್ರೆಸ್ ಗಿಡವನ್ನು ಮೈದಾನದ ಅಂಚಿನಿಂದ ಹೂ ಬಿಡುವ ಮೊದಲೇ ಕೀಳಿಸುತ್ತೇವೆ. ಆ ಕೆಲಸಕ್ಕೆ ಮಕ್ಕಳನ್ನು ಹಚ್ಚುವುದಿಲ್ಲ. ಶಾಲೆ ಪಕ್ಕ ಹೊಲ ಇದ್ದವರಲ್ಲಿ ನನ್ನ ಕಳಕಳಿಯ ಬೇಡಿಕೆ: ರವದಿ ಸುಡಬೇಡಿ, ಸಾಲಿನಲ್ಲೇ ಹರಡಿ. ನೆಲದ ಹಸಿಯೂ ಉಳಿಯುತ್ತದೆ.

ಇನ್ನೊಂದು ಮಾತು. ಉಬ್ಬಸದ ಪಂಪು (ಇನ್‌ಹೇಲರ್) ಚಟ ಹಚ್ಚುವುದಿಲ್ಲ. ಡಾಕ್ಟರು ಬರೆದುಕೊಟ್ಟಿದ್ದರೆ ಮಗುವಿನ ಹೆಸರು ಬರೆದು ಚೀಲದಲ್ಲಿ ಕಳಿಸಿ. ಹೇಗೆ ಹಿಡಿಯಬೇಕೆಂದು ಒಮ್ಮೆ ಬಂದು ನಮಗೂ ತೋರಿಸಿ.

ನಿಮ್ಮ,
ಮುಖ್ಯೋಪಾಧ್ಯಾಯಿನಿ
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ
ಮುಧೋಳ ತಾಲ್ಲೂಕು, ಬಾಗಲಕೋಟೆ ಜಿಲ್ಲೆ