ಅರ್ತ್ ನೋಡಿದೆಯಾ ಅಂದಿರಲ್ಲ

ಕೊಲಂಬಸ್ ಹತ್ತಿರ, ಒಹಾಯೊ
ಅಕ್ಟೋಬರ್ 12

ತೀರ್ಥರೂಪು ಅಪ್ಪನಿಗೆ ನಿಮ್ಮ ಮಗ ಮಾಡುವ ನಮಸ್ಕಾರಗಳು. ಇಲ್ಲಿ ನಾವು ಮೂವರೂ ಕ್ಷೇಮ. ಅಮ್ಮನ ಮಂಡಿ ನೋವು ಹೇಗಿದೆ ಅಂತ ನೀವೇ ಬರೆಯಿರಿ, ಅವರನ್ನು ಕೇಳಿದರೆ ಯಾವಾಗಲೂ "ಪರವಾಗಿಲ್ಲ" ಅನ್ನುತ್ತಾರೆ.

ಭಾನುವಾರ ಟ್ರಾಕ್ಟರ್ ಕತೆ ಅರ್ಧಕ್ಕೇ ನಿಂತಿತು. ಫೋನಿನ ಆ ಗರಗರದಲ್ಲಿ ಮೀಟರ್ ರೀಡಿಂಗ್ ಕೂಗಿ ಹೇಳುವುದಕ್ಕಿಂತ ಬರೆಯುವುದೇ ವಾಸಿ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿ.

ಮೊದಲು ಒಂದು ಮಾತು. ಮಗ ಅಮೆರಿಕದಲ್ಲಿ ಟ್ರಾಕ್ಟರ್ ಇಟ್ಟಿದ್ದಾನೆ ಅಂತ ಅಮ್ಮ ಬೀದಿಗೆಲ್ಲ ಹೇಳಿದ್ದಾರಂತೆ. ಇದು ನಮ್ಮ ಉಳುವ ಟ್ರಾಕ್ಟರ್ ಅಲ್ಲ. ಆಟೋಗಿಂತ ಚಿಕ್ಕದು. ಹೊಟ್ಟೆಯ ಕೆಳಗೆ ಹುಲ್ಲು ಕತ್ತರಿಸುವ ಬ್ಲೇಡು, ಚಳಿಗಾಲದಲ್ಲಿ ಮುಂದೆ ಹಿಮ ತಳ್ಳುವ ಹಲಗೆ. ಎರಡು ಸಿಲಿಂಡರಿನ ಪೆಟ್ರೋಲ್ ಇಂಜಿನ್. ನಾನು ಕೊಂಡಾಗಲೇ ಹಳೆಯದು.

ಆಗಸ್ಟ್‌ನಲ್ಲಿ ಒಂದು ದಿನ ಹುಲ್ಲು ಕತ್ತರಿಸುತ್ತಿದ್ದಾಗ ಬ್ಲೇಡು ತಾನೇ ನಿಂತುಬಿಟ್ಟಿತು. ಇಂಜಿನ್ ಮಾತ್ರ ಓಡುತ್ತಲೇ ಇತ್ತು. ಬ್ಲೇಡಿಗೆ ಕರೆಂಟಿನ ಕ್ಲಚ್ ಇದೆ, ವೋಲ್ಟೇಜ್ ಇಳಿದರೆ ಅದು ಹಿಡಿತ ಬಿಡುತ್ತದೆ. ಇಂಜಿನ್ನಿನ ಕಿಡಿಗೆ ಬೇರೆಯೇ ಕಾಯಿಲ್ ಇದೆ, ಅದಕ್ಕೆ ಬ್ಯಾಟರಿಯ ಹಂಗಿಲ್ಲ. ಆಫ್ ಮಾಡಿ ಮತ್ತೆ ಕೀ ತಿರುಗಿಸಿದರೆ ಟಕ್ ಟಕ್, ಅಷ್ಟೇ. ನಾನು ಯೋಚನೆಯನ್ನೂ ಮಾಡದೆ ಹೋಗಿ ಹೊಸ ಬ್ಯಾಟರಿ ತಂದೆ. ಅದು ಎರಡು ವಾರ ಕೆಲಸ ಮಾಡಿ ಮತ್ತೆ ಮಲಗಿತು. ಎಣ್ಣೆ ತೀರಿದ ದೀಪಕ್ಕೆ ಬತ್ತಿ ಬದಲಾಯಿಸಿದ ಹಾಗಾಯಿತು ನನ್ನ ಕೆಲಸ.

ಆಮೇಲೆ ವೋಲ್ಟ್ ಅಳೆಯುವ ಮೀಟರ್ ಕೈಗೆತ್ತಿಕೊಂಡೆ. ಬ್ಯಾಟರಿಯನ್ನು ರಾತ್ರಿಯೆಲ್ಲ ಚಾರ್ಜಿಗೆ ಹಾಕಿ ಬೆಳಿಗ್ಗೆ ನೋಡಿದರೆ 12.6 ವೋಲ್ಟ್, ಸರಿಯಾಗಿದೆ. ಇಂಜಿನ್ ಜೋರಾಗಿ ಓಡಿಸಿದಾಗ 14ರ ಆಸುಪಾಸಿಗೆ ಏರಬೇಕು. ಏರಲಿಲ್ಲ. 12.4, 12.3 ಅಂತ ಇಳಿಯುತ್ತಾ ಹೋಯಿತು. ಅಂದರೆ ಚಾರ್ಜೇ ಆಗುತ್ತಿಲ್ಲ. ಈ ಎರಡು ನಿಮಿಷದ ಕೆಲಸವನ್ನು ಅಂಗಡಿಗೆ ಹೋಗುವ ಮೊದಲು ಮಾಡಬಹುದಿತ್ತು, ಅಲ್ವಾ?

ಮೊದಲೊಮ್ಮೆ ನೀವು ಬ್ಯಾಟರಿ ವೈರ್ ಕಳಚಿ ಇಂಜಿನ್ ಓಡುತ್ತಾ ನೋಡು ಅಂದಿದ್ದಿರಿ. ಅದನ್ನು ಮಾತ್ರ ಮಾಡಲಿಲ್ಲ ಅಪ್ಪ, ಬೇಜಾರಾಗಬೇಡಿ. ಇಂಜಿನ್ ಹೇಗೂ ಓಡುತ್ತದೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ಮೇಲಾಗಿ ಬ್ಯಾಟರಿ ಇಲ್ಲದೆ ಓಡಿಸಿದರೆ ಚಾರ್ಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಸುಟ್ಟುಹೋಗಬಹುದು.

ನಿಮ್ಮ ಯೆಜ್ಡಿ ಬೈಕಿನ ಡೈನಮೊದಲ್ಲಿ ಕಾರ್ಬನ್ ಬ್ರಷ್ ಇತ್ತಲ್ಲ, ಇದರಲ್ಲಿ ಅದಿಲ್ಲ. ಇಂಜಿನ್ ಜೊತೆ ತಿರುಗುವ ಭಾರದ ಚಕ್ರ, ಅಂದರೆ ಫ್ಲೈವೀಲಿನ ಒಳಮೈಗೆ ಮ್ಯಾಗ್ನೆಟ್‌ಗಳನ್ನು ಅಂಟಿಸಿದ್ದಾರೆ. ಅವು ಸುತ್ತುತ್ತವೆ. ನಡುವೆ ತಾಮ್ರದ ಸುರುಳಿಗಳು ಅಲುಗಾಡದೆ ಕೂತಿರುತ್ತವೆ. ಅಲ್ಲಿಂದ ಎರಡು ವೈರಿನಲ್ಲಿ ಎಸಿ ಕರೆಂಟ್ ಹೊರಗೆ ಬರುತ್ತದೆ. ಅದನ್ನು ಡಿಸಿ ಮಾಡಿ, ಮಿತಿಯಲ್ಲಿ ಇಡುವುದು ರೆಗ್ಯುಲೇಟರ್. ಸೋಪಿನಷ್ಟು ದೊಡ್ಡ ಅಲ್ಯುಮಿನಿಯಂ ತುಂಡು, ಮೂರು ಪಿನ್ನು. ಅಕ್ಕಪಕ್ಕದ ಎರಡಕ್ಕೆ ಎಸಿ, ನಡುವಿನದರಿಂದ ಬ್ಯಾಟರಿಗೆ.

ಎಸಿ ವೈರ್ ಎರಡನ್ನೂ ಕಿತ್ತು, ಮೀಟರನ್ನು ಎಸಿಗೆ ತಿರುಗಿಸಿ ನೋಡಿದೆ. ಇವಳು ಸೀಟಿನ ಮೇಲೆ ಕೂತು ಬ್ರೇಕ್ ಒತ್ತಿ ಹಿಡಿದಳು, ಪುಟ್ಟಿ ದೂರದಲ್ಲಿ ನಿಂತು ನಾನು ಕೂಗಿದ ನಂಬರ್ ಬರೆದುಕೊಂಡಳು. ಫುಲ್ ಸ್ಪೀಡಿನಲ್ಲಿ 34 ವೋಲ್ಟ್. ಈ ಇಂಜಿನ್ನಿಗೆ 28ಕ್ಕಿಂತ ಜಾಸ್ತಿ ಬಂದರೆ ಸಾಕು. ಹಾಗಾದರೆ ಸುರುಳಿ ಸರಿ ಇದೆ, ಫ್ಲೈವೀಲ್ ಬಿಚ್ಚುವ ಕಷ್ಟ ತಪ್ಪಿತು. ನಡುವಿನ ಪಿನ್ನಿನ ವೈರಿನಲ್ಲಿ ಬ್ಯಾಟರಿ ವೋಲ್ಟೇಜ್ ಇತ್ತು, ಫ್ಯೂಸೂ ಸರಿ. ಇನ್ನು ಉಳಿದದ್ದು ರೆಗ್ಯುಲೇಟರ್ ಒಂದೇ ಅಂದುಕೊಂಡು ಆರ್ಡರ್ ಮಾಡಲು ಕೂತಿದ್ದೆ. ಅಷ್ಟರಲ್ಲಿ ನಿಮ್ಮ ಫೋನ್ ಬಂತು. ಪೂರ್ತಿ ಕೇಳದೆಯೇ "ಅರ್ತ್ ನೋಡಿದೆಯಾ?" ಅಂದಿರಿ. ಲೈನ್ ಕಟ್ಟಾಯಿತು.

ನೋಡಿರಲಿಲ್ಲ. ಮೂರೇ ಪಿನ್ನು ಇದೆಯಲ್ಲ, ಕರೆಂಟ್ ವಾಪಸ್ ಹೋಗುವ ದಾರಿ, ಅಂದರೆ ಅರ್ತ್, ಎಲ್ಲಿ? ನಾಲ್ಕನೇ ವೈರೇ ಇಲ್ಲ ಅಪ್ಪ. ರೆಗ್ಯುಲೇಟರಿನ ಮೈಯೇ ಆ ವೈರ್. ಅದು ಬೋಲ್ಟ್ ಆಗಿರುವ ತಗಡಿನ ಮೂಲಕ ಇಂಜಿನ್ನಿಗೆ, ಅಲ್ಲಿಂದ ಬ್ಯಾಟರಿಯ ಮೈನಸ್ಸಿಗೆ. ಒಂದು ತುಂಡು ವೈರ್ ತಂದು ಅದರ ಮೈಯಿಂದ ನೇರ ಬ್ಯಾಟರಿ ಮೈನಸ್ಸಿಗೆ ಹಿಡಿದು ಇಂಜಿನ್ ಓಡಿಸಿದೆ. 14.2! ವೈರ್ ತೆಗೆದರೆ 12.4. ಮತ್ತೆ ಹಿಡಿದರೆ 14.2. ಪುಟ್ಟಿ ಬರೆಯುವುದನ್ನು ಬಿಟ್ಟು ಕುಣಿಯುತ್ತಿದ್ದಳು.

ಈಗ ನಗಿ. ಆ ತಗಡಿಗೆ ಏಪ್ರಿಲ್‌ನಲ್ಲಿ ಪೇಂಟ್ ಹೊಡೆದದ್ದು ನಾನೇ. ತುಕ್ಕು ಹಿಡಿದಿದೆ, ಚೆಂದ ಕಾಣಲಿ ಅಂತ ಎರಡು ಕೋಟ್ ಬಳಿದು, ಅದರ ಮೇಲೇ ರೆಗ್ಯುಲೇಟರ್ ಕೂರಿಸಿದ್ದೆ. ಬೋಲ್ಟಿನ ಥ್ರೆಡ್ಡಿನಿಂದ ಅಷ್ಟೋ ಇಷ್ಟೋ ಅರ್ತ್ ಸಿಕ್ಕು ಒಂದಿಷ್ಟು ದಿನ ನಡೆದಿರಬೇಕು. ಅಲ್ಲೂ ತುಕ್ಕು ಹಿಡಿದ ಮೇಲೆ ಅದೂ ಹೋಯಿತು. ಉಪ್ಪುಕಾಗದ ಹಾಕಿ ಪೇಂಟ್ ಉಜ್ಜಿ, ಬೋಲ್ಟ್‌ಗಳನ್ನೂ ಕ್ಲೀನ್ ಮಾಡಿ ಬಿಗಿ ಮಾಡಿದೆ. ಬೇಡ ಅಂದರೂ ಇರಲಿ ಅಂತ ಒಂದು ಅರ್ತ್ ವೈರನ್ನೂ ಸೇರಿಸಿದೆ. ತಗಡಿನ ಸಂದಿಯಲ್ಲಿ ಇಲಿ ಕೂಡಿಟ್ಟ ಒಂದು ಹಿಡಿ ಅಕ್ರೋಟು ಸಿಪ್ಪೆಯೂ ಸಿಕ್ಕಿತು, ಅದನ್ನೂ ತೆಗೆದೆ. ಇಂಜಿನ್ನಿಗೆ ಗಾಳಿ ಹೋಗುವ ಜಾಗ ಅದು.

ಹಳೇ ಬ್ಯಾಟರಿಯನ್ನು ಸುಮ್ನೆ ಚಾರ್ಜಿಗೆ ಹಾಕಿ ನೋಡಿದೆ. ಅದಕ್ಕೇನೂ ಆಗಿಲ್ಲ, ಗಟ್ಟಿಮುಟ್ಟಾಗಿದೆ. ಗ್ಯಾರೇಜಿನಲ್ಲಿ ಈಗ ಎರಡು ಬ್ಯಾಟರಿ. ಅದರ ಬಗ್ಗೆ ನಿಮ್ಮ ಸೊಸೆ ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ.

ಹೋದ ತಿಂಗಳ ಫೋಟೋದಲ್ಲಿ ಮನೆಯ ಯುಪಿಎಸ್ ಬ್ಯಾಟರಿಯ ಟರ್ಮಿನಲ್ ಮೇಲೆ ಬಿಳಿ ಪುಡಿ ಕಟ್ಟಿದ್ದು ಕಂಡಿತು. ಸ್ವಿಚ್ ಆಫ್ ಮಾಡಿ, ಬಿಸಿನೀರಿಗೆ ಅಡುಗೆ ಸೋಡಾ ಕದಡಿ ತೊಳೆಸಿ, ಆ ನೀರು ಒಳಗೆ ಹೋಗದ ಹಾಗೆ. ಡಿಸ್ಟಿಲ್ಡ್ ವಾಟರ್ ಎಷ್ಟಿದೆ ಅಂತಲೂ ನೋಡಿಸಿ. ಯೆಜ್ಡಿಯನ್ನು ಯಾರಾದರೂ ಕೇಳಿಕೊಂಡು ಬಂದರೆ ಕೊಡಬೇಡಿ, ಡಿಸೆಂಬರಿನಲ್ಲಿ ನಾನು ಬಂದಾಗ ಇಬ್ಬರೂ ಕೂತು ಬಿಚ್ಚೋಣ.

ಇತಿ ನಿಮ್ಮ ಮಗ